ಗುರಸಿದ್ಧವ್ವನ ಹೆಸರಿನ ದೇವದಾರು

ಬಿಡುವಿನ ತಿಂಗಳ ಒಂಬತ್ತು, ಇಸವಿ 2214
ತಗ್ಗಿನ ಓಣಿ, ಗದಗು

ನಮ್ಮ ಮನೆಯಿಂದ ಮುಂದೊಮ್ಮೆ ಬಡಗಣ ಕಾಡಿಗೆ ಹೊರಡುವವರಿಗೆ, ನೀಲಾಂಬಿಕೆಯ ನಮಸ್ಕಾರ.

ಮೇಲಿನ ತಾರೀಖು ನೋಡಿ ನಗಬೇಡಿ. ಬೇರೆ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತು, ಮೇ ಮತ್ತು ಜೂನ್ ನಡುವೆ ನಾವೊಂದು ತಿಂಗಳು ಸೇರಿಸಿಕೊಂಡಿದ್ದೇವೆ. ಆ ಬಿಸಿಲಿನಲ್ಲಿ ಯಾರೂ ಕೆಲಸಕ್ಕೆ ಹೋಗುವಂತಿಲ್ಲ, ಲಗ್ನ ಮಾಡುವಂತಿಲ್ಲ, ಜಗಳವನ್ನೂ ಆದಷ್ಟು ಮುಂದೂಡುತ್ತೇವೆ. ನಿಮ್ಮ ಕಾಲಕ್ಕೆ ಅದು ಹೋಗಿರಬಹುದು, ಅಥವಾ ಒಂದು ಎರಡಾಗಿರಬಹುದು. ನನ್ನ ಮಾತುಗಳೂ ನಿಮಗೆ ಹಳೆಯ ಪಾತ್ರೆಯಂತೆ ಕಾಣುತ್ತಿದ್ದರೆ ಕ್ಷಮಿಸಿ. ಅರ್ಥವಾಗದ್ದನ್ನು ಬಿಟ್ಟು ಮುಂದೆ ಓದಿ, ಆದರೆ ಕೊನೆಯವರೆಗೆ ಓದಿ. ನಿಮ್ಮಿಂದ ನನಗೊಂದು ಕೆಲಸವಾಗಬೇಕಿದೆ.

ಬಡಗಣ ಕಾಡೆಂದರೆ ಹಿಮ ಕರಗಿಹೋದ ಇಳಿಜಾರುಗಳಲ್ಲಿ ತಾನಾಗಿಯೇ ಎದ್ದ ದೇವದಾರು ಕಾಡು. ಮನುಷ್ಯರ ಕಾಲು ಬಿದ್ದರೆ ಕೆಡುತ್ತದೆ ಎಂದು ಅದನ್ನು ಮುಚ್ಚಿಟ್ಟಿದ್ದಾರೆ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಸಲ ಒಳಗೆ ಬಿಡುತ್ತಾರೆ, ಅದಕ್ಕೆ ಸರದಿ ಎನ್ನುತ್ತೇವೆ. ಮನೆಯ ಯಾರಾದರೊಬ್ಬರು ಹೆಸರು ಕೊಟ್ಟು ಕಾಯಬೇಕು. ನಮ್ಮ ಮನೆಯಿಂದ ಹೆಸರು ಕೊಟ್ಟವರು ನಮ್ಮತ್ತೆ ಗುರಸಿದ್ಧವ್ವ. ಕೊಟ್ಟಾಗ ಅವರಿಗಿನ್ನೂ ಲಗ್ನವಾಗಿರಲಿಲ್ಲ. ಸರದಿ ಬಂದಾಗ ಅವರ ಮೊಮ್ಮಗಳು ಲಗ್ನದ ವಯಸ್ಸಿಗೆ ಬಂದಿದ್ದಳು. ಈ ಮನೆತನದಲ್ಲಿ ಅವರಿಗಿಂತ ಮೊದಲು ಯಾರೂ ಬಡಗಣ ದಿಕ್ಕಿಗೆ ಮುಖ ಮಾಡಿ ಹೊರಟವರಲ್ಲ.

ಸುದ್ದಿ ಬಂದ ದಿನದಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸರದಿ ಕಚೇರಿಯವರು ಮನೆಗಾಡಿ ತಂದು ಓಣಿಯ ಬಾಯಿಗೆ ನಿಲ್ಲಿಸಿ ಹೋದರು. ಮಲಗಲು ಮಡಚುವ ಹಲಗೆ, ಒಲೆ, ಬಚ್ಚಲು ಎಲ್ಲ ಅದರೊಳಗೇ ಇರುತ್ತವೆ. ಸ್ನಾನ ಮಾಡಿದ ನೀರು ಸೋಸಿ ಮತ್ತೆ ಕೊಡಕ್ಕೇ ಬರುತ್ತದೆ. ಇದನ್ನು ಕೇಳಿದ ಮೇಲೆ ನನ್ನ ಗಂಡ ವಿರೂಪಾಕ್ಷಿ ಎರಡು ದಿನ ಆ ನೀರು ಮುಟ್ಟಲಿಲ್ಲ. ಓಡಿಸುವುದನ್ನು ಕಲಿಯಲು ಹೋಗಿ ಎದುರು ಮನೆಯವರ ಹಂದರ ಕೆಡವಿ ಬಂದರು. ನಮ್ಮ ಮಗಳು ತೊರೆ, ಕಿಟಕಿಯ ಪಕ್ಕದ ಹಲಗೆ ತನ್ನದೆಂದು ಮೊದಲೇ ಮಲಗಿ ತೋರಿಸಿದಳು. ನಮ್ಮತ್ತೆ ಮಾತ್ರ ಏನೂ ಕೇಳಲಿಲ್ಲ. ಯಾವುದೋ ಕಾಲದಲ್ಲಿ ಈ ಪ್ರಯಾಣಕ್ಕೆಂದೇ ಹೆಣೆದಿಟ್ಟ ಕೆಂಪು ಉಣ್ಣೆಯ ಕಾಲುಚೀಲ ಪೆಟ್ಟಿಗೆಯಿಂದ ತೆಗೆದು, ಗದಗಿನ ಉರಿಯಲ್ಲಿ ಅದನ್ನು ಹಾಕಿಕೊಂಡು ಮನೆಯ ತುಂಬ ಓಡಾಡಿದರು. ರೂಢಿಯಾಗಲಿ ಎಂದರು. ನಾವು ಚೇಷ್ಟೆ ಮಾಡಿ ನಕ್ಕೆವು, ಅವರೂ ನಕ್ಕರು.

ಈಗ ತೂಕದ ವಿಷಯ ಹೇಳುತ್ತೇನೆ. ಕಾಡಿನ ನೆಲಕ್ಕೆ ಗಾಲಿ ತಾಗಬಾರದೆಂದು ಅಲ್ಲಿ ಮರಗಳ ನಡುವೆ ಎತ್ತರದಲ್ಲಿ ದಾರಿ ಕಟ್ಟಿದ್ದಾರೆ, ಅದನ್ನು ತೂಗುದಾರಿ ಎನ್ನುತ್ತಾರೆ. ಅದು ಹೊರುವಷ್ಟೇ ಗಾಡಿಯಲ್ಲಿರಬೇಕು. ಹೆಚ್ಚಾದರೆ ಗಾಡಿಯ ಹಣೆಯಲ್ಲಿ ಕೆಂಪು ದೀಪ ಹತ್ತುತ್ತದೆ, ಗಾಡಿ ಅಲುಗುವುದಿಲ್ಲ. ದಾರಿಯ ಊಟವೆಲ್ಲ ತಾವೇ ಕೊಡುತ್ತೇವೆ, ಏನೂ ತರಬೇಡಿ ಎಂದು ಕಚೇರಿಯವರು ಮೂರು ಮೂರು ಸಲ ಹೇಳಿದ್ದರು. ಆದರೆ ಬುತ್ತಿ ಇಲ್ಲದೆ ಊರು ಬಿಡುವವರು ನಾವಲ್ಲ. ಅವರು ಕೊಡುವುದು ಬಿಲ್ಲೆಯಂಥ ಏನೋ ಒಂದು, ಅದನ್ನು ತಿಂದು ನಾಲಿಗೆ ಸಾಯಿಸಿಕೊಳ್ಳಬೇಕೇ ಎಂದವಳು ನಾನೇ. ಓಣಿಯಲ್ಲಿ ಜೋಳದ ರೊಟ್ಟಿ ಬಡಿಯುವುದರಲ್ಲಿ ನಮ್ಮತ್ತೆಯ ಕೈ ಯಾರಿಗೂ ಇಲ್ಲ. ಅವರನ್ನೇ ಕೂರಿಸಿದೆ. ದಿನಗಟ್ಟಲೆ ಕಟಿರೊಟ್ಟಿ ಬಡಿದರು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿದರು, ಡಬ್ಬಿಗಳ ಬಾಯಿಗೆ ಬಟ್ಟೆ ಕಟ್ಟಿಕೊಟ್ಟರು. ಬೆನ್ನು ನೋಯುತ್ತದೆಂದು ಒಂದು ಸಲವೂ ಅನ್ನಲಿಲ್ಲ.

ಹೊರಡುವ ಬೆಳಿಗ್ಗೆ ಎಲ್ಲರೂ ಹತ್ತಿ ಕುಳಿತೆವು. ಕೆಂಪು ದೀಪ ಹತ್ತಿತು. ಓಣಿಯೆಲ್ಲ ಬೀಳ್ಕೊಡಲು ಸೇರಿತ್ತು. ಗಂಡ ತಮ್ಮ ಪೆಟ್ಟಿಗೆ ಇಳಿಸಲು ಒಪ್ಪಲಿಲ್ಲ, ಮಗಳು ತನ್ನ ಕನ್ನಡಿ ಬಿಡಲಿಲ್ಲ, ನಾನು ರೊಟ್ಟಿಯ ಡಬ್ಬಿಗಳ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಒಬ್ಬರ ಸಾಮಾನನ್ನು ಒಬ್ಬರು ಬೆರಳು ಮಾಡಿ ತೋರಿಸಿದ್ದೇ ಬಂತು. ಅಷ್ಟರಲ್ಲಿ ನಮ್ಮತ್ತೆ ಬಾಗಿಲ ಕಂಬಿ ಹಿಡಿದು ಮೆಲ್ಲಗೆ ಕೆಳಗಿಳಿದರು. ದೀಪ ಆರಿತು.

"ನನ್ನ ಮೊಣಕಾಲು ಅಷ್ಟು ದೂರ ತಡೀಯೂದಿಲ್ಲ. ನೀವು ಹೋಗಿ ನೋಡಿ ಬರ್ರಿ," ಅಂದರು.

ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ತಾನೇ ಅಟ್ಟ ಹತ್ತಿ ಡಬ್ಬಿ ಇಳಿಸಿ ಕೊಟ್ಟಿದ್ದರು. ಇದು ನನಗೆ ಗೊತ್ತಿತ್ತು, ಅವರ ಮಗನಿಗೂ ಗೊತ್ತಿತ್ತು. ಮೇಲೆ ಬನ್ನಿ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ಹಾಯೆನಿಸಿತು. ಅವರು ಇಳಿದದ್ದರಿಂದ ಇನ್ನೂ ಸ್ವಲ್ಪ ತೂಕಕ್ಕೆ ಜಾಗವಾಯಿತಲ್ಲ, ಮನೆಯಲ್ಲಿ ಬಿಟ್ಟು ಬಂದಿದ್ದ ಜೋಳದ ಹಿಟ್ಟಿನ ಚೀಲವನ್ನೂ ತರಿಸಿ ಏರಿಸಿದೆ. ಚೀಲ ಎತ್ತಿಕೊಟ್ಟವರು ಅವರೇ. ಕಾಲುಚೀಲ ಬಿಚ್ಚಿ ತೊರೆಗೆ ಕೊಟ್ಟರು.

ದಾರಿಯುದ್ದಕ್ಕೂ ನಮಗೆ ಅಷ್ಟೇನೂ ಕಸಿವಿಸಿಯಾಗಲಿಲ್ಲ. ಹೊಸ ನದಿ, ಹೊಸ ಗಾಳಿ ನೋಡುತ್ತ ಹೋದೆವು. ಕಾಡಿನ ಬಾಗಿಲಿಗೆ ಬಂದಾಗ ನಮ್ಮ ಮುಂದಿನ ಗಾಡಿಯನ್ನು ಕಾವಲಿನವರು ಹಿಂದಕ್ಕೆ ತಿರುಗಿಸಿದರು. ಅದರಲ್ಲಿದ್ದ ಮಕ್ಕಳು ಅಳುತ್ತಿದ್ದವು. ಯಾಕೆಂದು ಇಳಿದು ಕೇಳಿದರೆ, ಹೆಸರು ಕೊಟ್ಟ ಹಿರಿಯರು ಜೊತೆಗೆ ಬಂದಿಲ್ಲವಂತೆ, ಅವರು ಬದುಕಿದ್ದರೆ ಬರಲೇಬೇಕಂತೆ. ಈ ನಿಯಮ ನಮಗೆ ಗೊತ್ತಿರಲಿಲ್ಲ. ಕಚೇರಿಯವರು ಹೇಳುವಾಗ ನಾನು ಬುತ್ತಿಯ ಯೋಚನೆಯಲ್ಲಿ ಕಿವಿಗೊಡದೆ ಇದ್ದಿರಬೇಕು. ನಮ್ಮ ಗಾಡಿ ಮುಂದೆ ಸರಿಯಿತು. ಕಾವಲಿನ ಹೆಂಗಸು ನನಗಿಂತ ಚಿಕ್ಕವಳು. ನಾವೆಲ್ಲ ಕಿವಿಗೆ ದುಭಾಷಿ ಓಲೆ ಹಾಕಿಕೊಳ್ಳುತ್ತೇವೆ, ಯಾವ ಭಾಷೆಯ ಮಾತನ್ನೂ ಅದು ಕನ್ನಡ ಮಾಡಿ ಹೇಳುತ್ತದೆ. ಗುರಸಿದ್ಧವ್ವನವರು ಯಾರು ಎಂದು ಅವಳು ಕೇಳಿದಳೆಂದು ಓಲೆ ಹೇಳಿತು. ಗಂಡ ನನ್ನ ಮುಖ ನೋಡಿದರು.

"ತೀರಿಕೊಂಡರು," ಅಂದೆ.

ತೊರೆ ಕಿಟಕಿಯ ಕಡೆಗೆ ತಿರುಗಿ ಕುಳಿತಳು. ಆ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ನಮ್ಮನ್ನು ಕೆಳಗಿಳಿಸಿ, ಬಾಗಿಲ ಎಡಗಡೆ ಒಂದು ಕುಣಿ ತೆಗೆಸಿ, ಮೊಳದುದ್ದದ ದೇವದಾರು ಸಸಿ ನೆಡಿಸಿದಳು. ಕಾಯುತ್ತ ಕಾಯುತ್ತ ಹೋದವರಿಗೆ ಅವರು ಹಾಗೆ ಗೌರವ ಸಲ್ಲಿಸುತ್ತಾರೆ. ಹೆಸರು, ಸತ್ತ ವರ್ಷ ಕೊರೆದ ಕಲ್ಲನ್ನು ಬುಡಕ್ಕೆ ಇಡುತ್ತಾರೆ. ಯಾವ ವರ್ಷ ಎಂದು ಕೇಳಿದಾಗ ಬೇರೆ ತೋಚದೆ ಈ ವರ್ಷವೇ ಎಂದುಬಿಟ್ಟೆ. ಅವರ ಮಗ ತಮ್ಮ ಕೈಯಾರೆ ಮಣ್ಣು ಹಾಕಿದರು. ಹಾಕುವಾಗ ನಿಜವಾಗಿಯೇ ಅತ್ತರು, ಅವಳು ಅವರ ಬೆನ್ನು ಸವರಿದಳು. ಸಮಾಧಾನ ಹೇಳಲೆಂದು ಒಂದು ಮಾತು ಆಡಿದಳು. ಅದನ್ನು ಓಲೆ ನನ್ನ ಕಿವಿಯಲ್ಲಿ ತನ್ನ ತಣ್ಣನೆಯ ದನಿಯಲ್ಲಿ ಹೇಳಿತು.

"ಇನ್ನೊಂದಿಷ್ಟು ದಿನ ಇರಬೇಕಿತ್ತು. ಬದುಕಿರುವ ಹಿರಿಯರಾದರೆ, ಮನೆಯವರು ಹೋಗಿ ಕರೆತರುವ ತನಕ ನಾವು ಸರದಿ ಕಾದಿಡುತ್ತೇವೆ."

ನಮ್ಮ ಮುಂದಿದ್ದ ಗಾಡಿಯವರು ಹಿಂದಿರುಗಿದ್ದು ಅದಕ್ಕೇ, ತಮ್ಮ ಹಿರಿಯರನ್ನು ಕರೆತರಲು. ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಷ್ಟು ಜನರೆದುರು ಸುಳ್ಳಿ ಅನ್ನಿಸಿಕೊಳ್ಳುವ ಭಯ ಒಂದು ಕಡೆ, ಕಾಡು ಕಣ್ಣೆದುರಿಗೇ ಇತ್ತಲ್ಲ, ಆ ಆಸೆ ಇನ್ನೊಂದು ಕಡೆ. ಒಳಗೆ ಹೋದೆವು. ಕಾಡು ಬಹಳ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ತೊರೆ ಆ ಕಾಲುಚೀಲ ಹಾಕಿಕೊಳ್ಳಲಿಲ್ಲ, ರೊಟ್ಟಿ ಮುಟ್ಟಲಿಲ್ಲ, ಅಲ್ಲಿಯ ಬಿಲ್ಲೆಗಳನ್ನೇ ತಿಂದಳು.

ಮರಳಿ ಬಂದಾಗ ನಮ್ಮತ್ತೆ ಕಾಲಿಗೆ ನೀರು ಕೊಟ್ಟು, ಮೊದಲು ಹೊಟ್ಟೆಗೆ ಹಾಕಿ, ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು.

"ನನ್ನ ಹೆಸರು ಕೇಳಿದ್ರೇನವಾ ಅಲ್ಲಿ?"

"ಕೇಳಿದ್ರು ಅತ್ತಿ. ಕೇಳಿ ಕೈ ಮುಗದ್ರು."

ಅವರ ಮುಖ ಅಷ್ಟು ಅರಳಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿಲ್ಲ. ಬಡಗಣದವರು ತನಗೆ ನಮಸ್ಕಾರ ಹೇಳಿಕಳಿಸಿದ್ದಾರೆಂದು ಓಣಿಯ ಮನೆಮನೆಗೆ ಹೋಗಿ ಹೇಳಿ ಬಂದರು. ಈಗಲೂ ಹೇಳುತ್ತಾರೆ. ನಾನು ತಲೆ ತಗ್ಗಿಸಿ ಪಕ್ಕದಲ್ಲಿ ನಿಂತಿರುತ್ತೇನೆ, ಗಂಡ ಎದ್ದು ಒಳಗೆ ಹೋಗುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಕಡಿಮೆಯಾಗಿದೆ. ನಿಜ ಹೇಳಿ ಅವರ ಸಂತೋಷ ಕಸಿಯುವ ಧೈರ್ಯ ನನಗಿಲ್ಲ, ಹೇಳದೆ ಇರುವ ನೆಮ್ಮದಿಯೂ ಇಲ್ಲ.

ನಿಮ್ಮ ಸರದಿ ಬಂದಾಗ, ಕಾಡಿನ ಬಾಗಿಲಲ್ಲಿ ಎಡಗಡೆ ಆ ಮರ ಇರುತ್ತದೆ. ಅಷ್ಟು ಹೊತ್ತಿಗೆ ದೊಡ್ಡದಾಗಿರುತ್ತದೆ. ಅದಕ್ಕೆ ಕೈ ಮುಗಿಯಬೇಡಿ. ಕಾವಲಿಗೆ ಯಾರಿದ್ದರೂ ಅವರನ್ನು ಕರೆದು, ಕಲ್ಲಿನ ಮೇಲಿನ ವರ್ಷ ತಪ್ಪೆಂದು ಹೇಳಿ. ಯಾರು ತಪ್ಪು ಹೇಳಿದ್ದು ಎಂದು ಕೇಳಿದರೆ ನನ್ನ ಹೆಸರು ಹೇಳಿ, ಮುಚ್ಚಿಡಬೇಡಿ. ಆ ವರ್ಷ ಗುರಸಿದ್ಧವ್ವ ಬದುಕಿದ್ದರು. ಗದಗಿನಲ್ಲಿ, ನಾವು ಬರುವ ದಾರಿ ಕಾಯುತ್ತ ಬದುಕಿದ್ದರು.