ನೂರನೆಯ ವಾಲ್ವ್

ಮಾರ್ಚ್ 4, ಮಂಗಳವಾರ. ಬೆಳಗ್ಗೆ 11

ತೊಂಬತ್ತೆಂಟು. ಅಣ್ಣ ಈ ವರ್ಷ ಟೆಸ್ಟ್ ಮಾಡಿದ ವಾಲ್ವ್‌ಗಳ ರಿಪೋರ್ಟ್ ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದಾಯಿತು. ನೀರು ಸರಬರಾಜು ಕಚೇರಿಯಲ್ಲಿ ಅವನು ಟೆಸ್ಟರ್, ನಾನು ಟೈಪಿಸ್ಟ್ — ಒಂದೇ ಮನೆಯಿಂದ ಈ ನಗರಕ್ಕೆ ಸಂದ ಎರಡು ಅಮೂಲ್ಯ ಕಾಣಿಕೆಗಳು.

ಮುಂದಿನ ಪೀಳಿಗೆಯ ಜ್ಞಾನಾರ್ಜನೆಗಾಗಿ: ಕಾರ್ಖಾನೆ, ಆಸ್ಪತ್ರೆ, ಲಾಂಡ್ರಿಯೊಳಗೆ ಹೋದ ನೀರು ಬೀದಿಯ ಪೈಪಿಗೆ ಮರಳಕೂಡದು. ಎಲ್ಲಾದರೂ ಪೈಪ್ ಒಡೆದು ಪ್ರೆಶರ್ ಬಿತ್ತೋ, ಅಲ್ಲಿನ ಹೊಲಸೆಲ್ಲ ಹಿಂದಕ್ಕೆ ಎಳೆದುಕೊಂಡು ಬಂದು ಯಾರದೋ ಲೋಟ ಸೇರುತ್ತದೆ. ಅದಕ್ಕೇ ಒಂದೊಂದು ಕಡೆ ಒಂದೊಂದು ಹಿತ್ತಾಳೆ ವಾಲ್ವ್. ಹೋಗು ಅನ್ನುತ್ತದೆ, ಬಾ ಅನ್ನುವುದಿಲ್ಲ. ನಮ್ಮ ದೊಡ್ಡತ್ತೆಯ ಹಾಗೆ.

ನೂರಾದ ದಿನ ಸನ್ಮಾನ ಮಾಡಬೇಕು. ಅಣ್ಣನಿಗೆ ಸುಳಿವು ಸಿಗಕೂಡದು.

ಮಾರ್ಚ್ 6, ಗುರುವಾರ

ಅದ್ದೂರಿ! ಅಣ್ಣ ಲಾಂಡ್ರಿಯಲ್ಲಿ ನೂರನೆಯದಕ್ಕೆ ಪ್ರೆಶರ್ ಅಳೆಯುವ ಗೇಜ್ ಜೋಡಿಸುತ್ತಿದ್ದ. ಮೂಗು ಹಿಡಿದುಕೊಂಡು ಫೋನ್ ಮಾಡಿದೆ — ದೊಡ್ಡ ಸಾಹೇಬರ ಕಡೆಯಿಂದ, ಇದ್ದ ಹಾಗೇ ಬರಬೇಕಂತೆ. ಪಾಪ, ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ. ರೆಕಾರ್ಡ್ ರೂಮಿನಲ್ಲಿ ಕಾಗದದ ಕಿರೀಟ, ಕೇಕ್, ನಾನೇ ರಚಿಸಿದ ಬಿನ್ನವತ್ತಳೆ: "ಜಲಮಾರ್ಗ ರಕ್ಷಕ, ಹಿಮ್ಮುಖ ಹರಿವಿನ ಆಜನ್ಮ ವೈರಿ, ಸಾಕ್ಸ್ ಒಗೆಯದ ಧೀರ..." ಪ್ಯೂನಣ್ಣನಿಗೆ ನಕ್ಕು ನಕ್ಕು ಬಿಕ್ಕಳಿಕೆ.

ಅಣ್ಣ ನನ್ನ ತಲೆಗೊಂದು ಕೊಟ್ಟ. ಕೇಕ್ ಮಾತ್ರ ಎರಡು ತುಂಡು ತಿಂದ. ಟೆಸ್ಟ್ ಅರ್ಧಕ್ಕೇ ಬಿಟ್ಟು ಬಂದಿದ್ದೇನೆ ಅಂತ ಎದ್ದ. ನಾವು ಬಿಡಲಿಲ್ಲ.

ಮಾರ್ಚ್ 10, ಸೋಮವಾರ

ನೂರನೆಯದರ ರಿಪೋರ್ಟ್ ಬಂತು. ತಮಾಷೆ ನೋಡು — ಹೋದ ವರ್ಷದ ನಂಬರುಗಳೇ. ದಶಮಾಂಶ ಸಮೇತ. ಈ ವಾಲ್ವ್‌ಗೆ ವಯಸ್ಸೇ ಆಗುವುದಿಲ್ಲವಾ, ಯಾವ ಕ್ರೀಮ್ ಹಚ್ಚುತ್ತದೆ ಅಂತ ಕೇಳಿದೆ. ಟೈಪ್ ಮಾಡೇ ಸುಮ್ಮನೆ, ಅಂದ. ಮುಖ ಎತ್ತಲಿಲ್ಲ. ಶುಕ್ರವಾರ ಮತ್ತೆ ಹೋಗಿದ್ದನಂತೆ. ನೀರು ನಿಲ್ಲಿಸಿದರೆ ಮೆಷಿನ್ ನಿಲ್ಲುತ್ತವೆ, ಇನ್ನೊಂದು ದಿನ ಬನ್ನಿ ಅಂದರಂತೆ ಲಾಂಡ್ರಿಯವರು.

ಟೈಪ್ ಮಾಡಿದೆ.

ಏಪ್ರಿಲ್ 1, ಮಂಗಳವಾರ. ಮಧ್ಯಾಹ್ನ

ಲಾಂಡ್ರಿ ಹಿಂದಿನ ಗಲ್ಲಿಯ ನಲ್ಲಿಗಳಲ್ಲಿ ವಿಷ ಬಂದಿದೆ ಅಂದ ಪ್ಯೂನಣ್ಣ. ನಕ್ಕೆ. ಇವತ್ತಿನ ದಿನ, ಅದೂ ನನ್ನ ಹತ್ತಿರವೇ? ಅವನು ನಗಲಿಲ್ಲ.

ನಿನ್ನೆ ಸಂಜೆ ದೊಡ್ಡ ರಸ್ತೆ ಅಗೆಯುವವರು ಮೇನ್ ಪೈಪ್ ಒಡೆದಿದ್ದಾರೆ. ಪ್ರೆಶರ್ ಬಿದ್ದಿದೆ. ಬಟ್ಟೆ ನೆನೆಸುವ ತೊಟ್ಟಿಯ ಕಾಸ್ಟಿಕ್ ಸೋಡಾ ನೀರು ಹಿಂದಕ್ಕೆ ಬಂದಿದೆ. ಆರು ಮನೆ. ದೊಡ್ಡವರೆಲ್ಲ ಬಾಯಿಗೆ ಹಾಕಿಕೊಂಡವರೇ ಉಗಿದರು. ಟೈಲರ್ ಮಗಳು, ಐದು ವರ್ಷದ ಕೂಸು, ಎದ್ದವಳೇ ನಲ್ಲಿಗೆ ಬಾಯಿ ಹಚ್ಚಿ ಗಟಗಟ ಕುಡಿದಿದ್ದಾಳೆ.

ಗಂಟಲು ಸುಟ್ಟಿದೆ.

ಏಪ್ರಿಲ್ 2

ವಾಲ್ವ್ ಬಿಚ್ಚಿದರು. ರಬ್ಬರಿನಡಿ ಒಂದು ಕಲ್ಲುಚೂರು. ಅಕ್ಕಿಕಾಳಿನಷ್ಟು. ಅದರಿಂದಲೇ ಪೂರ್ತಿ ಮುಚ್ಚಿಕೊಂಡಿಲ್ಲ. ಗೇಜ್ ಹಾಕಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅಣ್ಣ ಅಲ್ಲೇ ಸಾಹೇಬರಿಗೆ ಹೇಳಿದ — ಟೆಸ್ಟ್ ಮಾಡಿಲ್ಲ ಸರ್, ಹಳೇ ನಂಬರ್ ಬರೆದೆ. ಫೋನಿನ ವಿಷಯ ಎತ್ತಲಿಲ್ಲ. ಕೇಕಿನ ವಿಷಯವೂ.

ಸಸ್ಪೆಂಡ್.

ಏಪ್ರಿಲ್ 5, ಶನಿವಾರ

ಅಮ್ಮ ಮೂರನೇ ಸಲ ನೀರು ಕುದಿಸುತ್ತಿದ್ದಾಳೆ. ಕುದಿಸಿದರೆ ಹೋಗುವಂಥದ್ದಲ್ಲ ಅಂತ ಅವಳಿಗೂ ಗೊತ್ತು.

ಅಣ್ಣನ ರೂಮಿಗೆ ಹೋದೆ. ವಿಚಾರಣೆಯಲ್ಲಿ ನನ್ನ ಫೋನಿನ ವಿಷಯ ಹೇಳುತ್ತೇನೆ ಅಂದೆ. ಗೋಡೆ ಕಡೆ ತಿರುಗಿ ಮಲಗಿದ್ದ.

"ನೀನು ಕರೆಸಿದ್ದು ಒಂದು ಗಂಟೆ ಕಣೇ. ವಾಪಸ್ ಹೋಗೋಕೆ ನಂಗೆ ಮೂರು ವಾರ ಇತ್ತು."

ಆಮೇಲೆ, "ಇದರಲ್ಲಿ ನೀನು ಪಾಲು ಕೇಳಬೇಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 9, ಬುಧವಾರ

ವಿಚಾರಣೆ. ಹೇಳಿಯೇ ಬಿಟ್ಟೆ. ಫೋನು, ಕಿರೀಟ, ಎಲ್ಲ. ಅಧಿಕಾರಿಗೆ ಅದು ಮುಖ್ಯ ಅನ್ನಿಸಲಿಲ್ಲ. ಆಗ ಇನ್ನೊಂದನ್ನೂ ಹೇಳಿದೆ.

"ನಂಬರ್ ಒಂದೇ ಇತ್ತು ಅಂತ ನಾನು ಆವತ್ತೇ ನೋಡಿದೆ ಸರ್."

"ನೋಡಿ ಏನು ಮಾಡಿದ್ರಿ?"

"ಜೋಕ್ ಮಾಡಿದೆ."

ಪಕ್ಕದಲ್ಲಿದ್ದ ಕ್ಲರ್ಕ್ ಅದನ್ನೂ ಹಾಗೇ ಟೈಪ್ ಮಾಡಿದ. ಹತ್ತು-ಹನ್ನೆರಡು ಕೀ ಒತ್ತುವಷ್ಟು ಸದ್ದು. ಇಷ್ಟು ದಿನ ಎಷ್ಟೋ ಟೈಪ್ ಮಾಡಿದ್ದೇನೆ. ಕಾಗದದಲ್ಲಿ ಬಿದ್ದ ಮಾತು ಹೀಗೆ ಕಾಣುತ್ತದೆ ಅಂತ ಗೊತ್ತಿರಲಿಲ್ಲ.

ಅಣ್ಣ ಕೆಲಸ ಕಳೆದುಕೊಂಡ. ನನಗೆ ಮೆಮೊ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು.

ಏಪ್ರಿಲ್ 17, ಗುರುವಾರ. ಸಂಜೆ

ಅಣ್ಣ ದಿನಾ ಬೆಳಗ್ಗೆ ಆಸ್ಪತ್ರೆ ಗೇಟಿನವರೆಗೆ ಹೋಗಿ ತಿರುಗಿ ಬರುತ್ತಿದ್ದನಂತೆ. ಇವತ್ತು ಜೊತೆಗೆ ನಾನೂ ಹೋದೆ. ಒಳಗೆ ಹೋದೆವು.

ಮಗುವಿನ ಮೂಗಿಗೆ ಹಾಕಿದ್ದ ಟ್ಯೂಬ್ ತೆಗೆದಿದ್ದಾರೆ. ಇನ್ನು ಸ್ವಲ್ಪ ಸ್ವಲ್ಪ ನುಂಗಬಹುದು ಅಂದಿದ್ದಾರೆ ಡಾಕ್ಟರು. ಮಗು ನೀರು ಮುಟ್ಟುತ್ತಿಲ್ಲ. ತಾಯಿ ಮೊದಲು ತಾನು ಒಂದು ಗುಟುಕು ಕುಡಿದು ತೋರಿಸಿದಳು. ಮಗು ಅವಳ ಗಂಟಲನ್ನೇ ನೋಡುತ್ತಿತ್ತು, ಏನಾಗುತ್ತದೋ ಅಂತ. ಬಾಯಿ ತೆರೆಯಲಿಲ್ಲ.

ಅಣ್ಣ ಬಾಗಿಲಲ್ಲೇ ನಿಂತು ಟೈಲರಿಗೆ ತಾನು ಯಾರು ಅಂತ ಹೇಳಿದ. ಟೈಲರು ಕೂಗಾಡಲಿಲ್ಲ. ಹೆಂಡತಿಯ ಕೈಯಿಂದ ಲೋಟ ತೆಗೆದು ತಂದು ಅಣ್ಣನ ಕೈಗಿಟ್ಟರು.

"ನಮ್ಮ ಕೈಲಿ ಆಗ್ತಿಲ್ಲ. ನೀವೇ ಕುಡಿಸಿ."

ಅಣ್ಣ ಮಂಚದ ತುದಿಯಲ್ಲಿ ಕೂತ. ಲೋಟ ತುಳುಕಿ ನೀರು ಹೊದಿಕೆಯ ಮೇಲೆ ಬಿತ್ತು. ಮಗು ಚಕ್ಕನೆ ಕಾಲು ಎಳೆದುಕೊಂಡಿತು. ಆಮೇಲೆ ಏನೋ ಕೇಳಿತು. ದನಿಯಿಲ್ಲ, ಉಸಿರು ಮಾತ್ರ. ಅಣ್ಣ ಕಿವಿ ಹತ್ತಿರ ತಂದ.

"ಇದು ಯಾವ ನಲ್ಲಿದು?"

ಈ ಊರಿನ ಯಾವ ಪೈಪ್ ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆ ಅಂತ ಕಣ್ಣು ಮುಚ್ಚಿ ಹೇಳುವವನು. ಲೋಟ ನೋಡಿದ. ಮಗುವನ್ನು ನೋಡಿದ. ನನ್ನ ಕಡೆ ತಿರುಗಿದ. ನಾನು ಲೋಟ ಇಸಿದುಕೊಂಡು, ಯಾವ ನಲ್ಲಿದು ಅಂತ ನೋಡಿಕೊಂಡೇ ಬರುತ್ತೇವೆ ಪುಟ್ಟಿ ಅಂತ ಹೇಳಿ ಅಣ್ಣನನ್ನು ಎಬ್ಬಿಸಿದೆ.