ರುಬಾಳ ಬೆಂಚು

ತಿರ್ಜಾ,

ನಿನ್ನೆಯಿಂದ ನೀನು ನನ್ನ ಫೋನ್ ಎತ್ತುವುದನ್ನು ಬಿಟ್ಟಿದ್ದೀಯ. ಈ ಕಾಗದವನ್ನು ನಾನೂ ಕಳಿಸುವುದಿಲ್ಲ. ಆದರೂ ಹೇಳಬೇಕು.

ನಮ್ಮ ಮಕ್ಕಳು ಏನು ಕಲಿಯುತ್ತಾರೆಂದು ಚಿತ್ರ ತೆಗೆಯಲು ಕಳೆದ ವಾರ ಜೆನಿನ್‌ನ ನಮ್ಮ ಶಾಲೆಗೆ ವಿದೇಶಿ ಟೀವಿಯವರು ಬಂದಿದ್ದರು. ನನ್ನ ತರಗತಿಯ ರುಬಾ ತೀರಿಕೊಂಡ ಮೇಲೂ ಗೆಳತಿಯರು ಅವಳ ಬೆಂಚಿನ ಮೇಲೆ ಅವಳ ಫೋಟೋದ ಮುಂದೆ ರೊಟ್ಟಿಯ ತುಂಡೊಂದನ್ನು ಇಡುತ್ತಾರೆ. ಹಾಜರಿಯಲ್ಲಿ ಅವಳ ಹೆಸರು ಕೂಗಿದರೆ ಇಡೀ ತರಗತಿ ಓಗೊಡುತ್ತದೆ. ಕ್ಯಾಮೆರಾಕ್ಕೆ ಅಷ್ಟು ಸಾಕಾಯಿತು.

ನಿನ್ನೆ ಗಡಿಯಾಚೆಯ ನಿಮ್ಮ ಚಾನೆಲ್ ಅದನ್ನೇ ತೋರಿಸಿ, ಇಲ್ಲಿ ಮಕ್ಕಳಿಗೆ ಸಾಯುವುದನ್ನು ಕಲಿಸುತ್ತಾರೆ ಎಂದಿತು. ನಮ್ಮ ಚಾನೆಲ್ ಅದೇ ಬೆಂಚನ್ನು ತೋರಿಸಿ, ಹುತಾತ್ಮೆಯ ಜಾಗ ಎಂದಿತು. ಹುಡುಗಿ ಏನಾಗಿ ಸತ್ತಳೆಂದು ಒಬ್ಬರೂ ಕೇಳಲಿಲ್ಲ.

ಇವತ್ತು ಶಾಲೆಯ ಗೋಡೆಗೆ ಅವಳ ಪೋಸ್ಟರ್ ಅಂಟಿಸಿದ್ದರು, ಹಿಂದೆ ಬಾವುಟ, ಕೆಳಗೆ ಹುತಾತ್ಮೆ ಎಂಬ ಬಿರುದು. ಕೀಳಲು ಹೋದೆ. ಅವಳ ತಾಯಿ ನನ್ನ ಕೈ ಹಿಡಿದಳು.

"ಬಿಡಿ ಟೀಚರ್. ಹಾರ್ಟ್ ಕಾಯಿಲೆಯಲ್ಲಿ ಹೋದಾಗ ಅಕ್ಕಪಕ್ಕದೋರು ಮಾತ್ರ ಬಂದಿದ್ರು. ಇವತ್ತು ಇಡೀ ಬೀದಿನೇ ಬಂದು ನಮ್ಮನೇಲಿ ಸಾವಿನ ಮನೇಲಿ ಕೊಡೋ ಕಹಿ ಕಾಫಿ ಕುಡೀತು."

"ಸುಳ್ಳಲ್ವೇನಮ್ಮ ಇದು?"

"ಅಕ್ಕಪಕ್ಕದೋರು ಬಾಯಿ ಬಿಡಲ್ಲ. ಇನ್ನು ನಿಜ ಗೊತ್ತಿರೋದು ಯಾರಿಗೆ? ನಂಗೆ, ನಿಮ್ಗೆ, ಆ ಕಾರಿನಮ್ಮಂಗೆ. ಅವ್ರು ಬಂದು ಹೇಳ್ತಾರಾ?"

ಕಾರಿನಮ್ಮ ಎಂದರೆ ನೀನು. ವಾರವಾರವೂ ಗಡಿಯ ಚೆಕ್‌ಪೋಸ್ಟಿಗೆ ಬಂದು, ರುಬಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಿಮ್ಮ ಕಡೆಯ ಹೈಫಾದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು. ನಿನ್ನೆ ನೀನೂ ಟೀವಿ ನೋಡಿರುತ್ತೀಯ, ಬೆಂಚಿನ ಮೇಲಿನ ಫೋಟೋದಲ್ಲಿ ಆ ಮುಖದ ಗುರುತು ಸಿಕ್ಕಿರುತ್ತದೆ.

ಪೋಸ್ಟರನ್ನು ಕೀಳದೆ ಬಂದೆ. ಪೋಸ್ಟರಿನ ಹುತಾತ್ಮೆಗೆ ತರಗತಿ ಓಗೊಡುವುದು ಬೇಡವೆಂದು, ನಾಳೆ ಹಾಜರಿಯಲ್ಲಿ ರುಬಾಳ ಹೆಸರು ಬಿಟ್ಟು ಮುಂದಿನದನ್ನು ಕೂಗುತ್ತೇನೆ.

ಬುತೈನಾ