ಹಳ್ಳದ ಪೊದೆಯ ಜೋಡಿ

9 ಜೂನ್, ಬೆಳಿಗ್ಗೆ

ಪೊದೆಯಲ್ಲಿನ ಕ್ಯಾಮೆರಾಗಳ ಕಾರ್ಡ್ ಬದಲಿಸಿ ಬಂದೆ. ಕಾಫಿ ಸಾಲುಗಳ ಮೇಲೆ ಮಂಜು. ನರಿ, ಚಿಪ್ಪಿನ ಮೈಯ ಅರ್ಮಡಿಲೊ, ಮತ್ತೆ ನರಿ... ಚುಕ್ಕೆಬೆಕ್ಕು ಇಲ್ಲ. ನನ್ನ ಪ್ರಾಣಿಗಣತಿಯಲ್ಲಿ ಎರಡಿವೆ. ಒಂದರ ಎಡಮಗ್ಗುಲ ಫೋಟೊ, ಇನ್ನೊಂದರ ಬಲಮಗ್ಗುಲದ್ದು. ಒಂದೇ ರಾತ್ರಿ, ಹಳ್ಳದ ಎರಡು ತುದಿಗಳಲ್ಲಿ. ಗುರುತು ಹಿಡಿಯುವುದು ಚುಕ್ಕೆಗಳಿಂದ; ಅಷ್ಟು ದೂರ ಒಂದೇ ಬೆಕ್ಕು ಹೋಗದೆಂದು ಎರಡೆಂದೇ ಎಣಿಸಿದೆ.

ಆ ಎರಡರಿಂದಲೇ ಪೊದೆ ಉಳಿದಿದೆ. ತೋಟದ ಯಜಮಾನ ಒಲೆಗಾರಿಯು ಅದನ್ನು ಕಡಿದು ಕಾಫಿ ನೆಡುವವರಿದ್ದರು. ಹೆಂಡತಿ ಝುಲ್ಮಿರಾ ಬಿಡಲಿಲ್ಲ. "ಜೋಡಿ ಸಂಸಾರ ಹೂಡಿದೆ ಕಣ್ರೀ. ಟ್ರ್ಯಾಕ್ಟರ್ ಆ ಕಡೆ ಹೋದ್ರೆ ನಾನು ತಂಗಿ ಮನೆಗೆ ಹೋದೆ ಅಂದ್ಕೊಳ್ಳಿ."

"ಹೋಗೇ, ನಂಗೂ ನೆಮ್ಮದಿ," ಅಂದರು. ಆದರೆ ಮಾತು ಕೊಟ್ಟರು.

14 ಜೂನ್

ಸೇಂಟ್ ಜಾನ್ ಹಬ್ಬದಲ್ಲಿ ಪ್ರತಿವರ್ಷ ಆಡುವ ಹುಡುಗಾಟದ ಮದುವೆಗೆ ಈ ಸಲ ಬೆಕ್ಕುಗಳೇ ವಧೂವರರಂತೆ! ಝುಲ್ಮಿರಾ ಎರಡೂ ಫೋಟೊ ದೊಡ್ಡದು ಮಾಡಿಸಿದ್ದಾಳೆ. "ಇವೋನಿ, ಹೆಣ್ಣಿನ ಕಡೆಯವಳು ನೀನೇ ಕಣೇ. ಒಲ್ಲೆ ಅಂದ್ರೆ ಜೋಳದ ಪಾಯಸ ಇಲ್ಲ."

ಒಪ್ಪಿದೆ. ನಲವತ್ತೇಳರ ವಯಸ್ಸಿನಲ್ಲಿ, ಕೊನೆಗೂ ಒಂದು ಮದುವೆ.

20 ಜೂನ್, ಸಂಜೆ

ಹೊಸ ಕಾರ್ಡಿನ ವಿಡಿಯೊದಲ್ಲಿ ಬೆಕ್ಕು ಕ್ಯಾಮೆರಾ ಮುಂದೆ ನಿಂತು, ಏನನ್ನೋ ಆಲಿಸಿ, ನಿಧಾನಕ್ಕೆ ಹಿಂದಕ್ಕೆ ತಿರುಗಿದೆ. ಮೊದಲು ಎಡಮಗ್ಗುಲು. ಆಮೇಲೆ ಬಲ. ಎರಡೂ ಕಡೆ ನಾನು ಬಲ್ಲ ಚುಕ್ಕೆಗಳೇ.

ಒಂದೇ ಪ್ರಾಣಿ. ಮೊದಲಿನಿಂದಲೂ ಒಂದೇ. ಗಂಡು.

ಕವಿತೆಯ ಪುಸ್ತಕ ತೆರೆದೆ. ಸಾಲುಗಳು ಹತ್ತಿರ ಬಿಟ್ಟುಕೊಳ್ಳಲಿಲ್ಲ.

21 ಜೂನ್

ಒಲೆಗಾರಿಯು ಕಾಫಿ ಹಿಡಿದು ಬಂದರು. "ಏನ್ ಡೋನಾ ಇವೋನಿ, ನಮ್ಮ ಸೊಸೆ ಬಸುರಿನಾ?"

ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿಬಿಟ್ಟೆ. ನಗುತ್ತಾರೆಂದುಕೊಂಡಿದ್ದೆ.

"ಹಂಗಾದ್ರೆ ಇಲ್ಲದ ಜೋಡಿಗೆ ಮಾತು ಕೊಟ್ಟೆ ಅನ್ನಿ."

"ಒಂದಾದ್ರೂ ಇದೆಯಲ್ಲ..."

"ಒಂಟಿ ಗಂಡಿಗೆ ಎಲ್ಲಾದ್ರೂ ಜಾಗ ಸಿಗತ್ತೆ. ಸೋಮವಾರ ಟ್ರ್ಯಾಕ್ಟರ್ ಇಳಿಸ್ತೀನಿ. ಹಬ್ಬ ಮುಗಿಯೋವರೆಗೂ ಝುಲ್ಮಿರಾ ಮುಂದೆ ಬಾಯಿ ಬಿಡ್ಬೇಡಿ. ಆಮೇಲೆ ನೀವೇ ಹೇಳಿ. ಲೆಕ್ಕ ತಪ್ಪಿದ್ದು ನಿಮ್ಮದು ತಾನೆ?"

24 ಜೂನ್

ಎರಡು ಫೋಟೊಗಳ ಪಕ್ಕ ಕಾಗದದ ಹೂ ಹಿಡಿದು ನಿಂತೆ. ಪಾದ್ರಿ ವೇಷದವನು ಕೂಗಿದ: "ಯಾರದ್ದಾದ್ರೂ ತಕರಾರಿದ್ರೆ ಈಗ್ಲೇ ಹೇಳ್ರಪ್ಪಾ! ಆಮೇಲೆ ಪಂಚಾಯ್ತಿ ಮಾಡಕ್ಕೆ ನನ್ನ ಕರೀಬೇಡಿ!" ಎಲ್ಲರೂ ನಕ್ಕರು. ಹಬ್ಬದ ಬೆಂಕಿಯ ಆಚೆಯಿಂದ ಒಲೆಗಾರಿಯು ನನ್ನನ್ನೇ ನೋಡುತ್ತಿದ್ದರು.

ಹೂವನ್ನು ವಧುವಿನ ಫೋಟೊಗೆ ಸಿಕ್ಕಿಸಿದೆ.

ಝುಲ್ಮಿರಾ ಕಿವಿಯಲ್ಲಿ ಕೇಳಿದಳು, "ಎಷ್ಟು ಮರಿ ಹಾಕ್ಬಹುದೇ?"

"ಒಂದೋ ಎರಡೋ," ಎಂದೆ.

26 ಜೂನ್, ಸೋಮವಾರ

ನಿನ್ನೆಯೂ ಝುಲ್ಮಿರಾಗೆ ಹೇಳಲಾಗಲಿಲ್ಲ. ಹಳ್ಳದ ಕಡೆ ಸದ್ದು ಶುರುವಾಗಿದೆ. ಕ್ಯಾಮೆರಾಗಳನ್ನು ಬಿಚ್ಚಿ ತಂದಿಲ್ಲ — ಎಲ್ಲವನ್ನೂ ನೋಡುತ್ತಿರುತ್ತವೆ.

ಝುಲ್ಮಿರಾ ಅಡುಗೆಮನೆಯಿಂದ ಕೂಗುತ್ತಿದ್ದಾಳೆ. "ಇವೋನಿ, ಅದ್ಯಾರ ಟ್ರ್ಯಾಕ್ಟರೇ?"

ಅವಳ ಚಪ್ಪಲಿ ಸದ್ದು ಈ ಕಡೆಗೇ. ಅವಳು ಕಿಟಕಿಗೆ ಹೋಗುವ ಮೊದಲು ನಾನೇ ಹೇಳಬೇಕು —